ರೆಡ್ ವೈನ್ ನನಗೆ ಒಲಿದದ್ದು ಒಗರಿನಿಂದ

ನಾನು ಮೊದಲ ಸಲ ರೆಡ್ ವೈನ್ ಕುಡಿದದ್ದು ಆಫೀಸಿನ ಪಾರ್ಟಿಯೊಂದರಲ್ಲಿ. ಒಂದೇ ಗುಟುಕಿಗೆ ನಾಲಿಗೆ ಒಣಗಿ, ಒಸಡು ಹಿಡಿದುಕೊಂಡ ಹಾಗಾಯಿತು. ಹಾಳಾಗಿದೆ ಅಂದುಕೊಂಡು ಗ್ಲಾಸನ್ನು ಮೆಲ್ಲಗೆ ಹೂಕುಂಡದ ಹಿಂದೆ ಇಟ್ಟು ಬಂದೆ. ಪಕ್ಕದಲ್ಲಿದ್ದವರು ಬ್ಲ್ಯಾಕ್‌ಕರಂಟ್ ಹಣ್ಣಿನ ಪರಿಮಳ, ಸೀಡರ್ ಮರದ ವಾಸನೆ ಅಂತೆಲ್ಲ ಹೇಳುತ್ತಿದ್ದರು. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವನು ನಾನು. ಬ್ಲ್ಯಾಕ್‌ಕರಂಟನ್ನು ಕಣ್ಣಿಂದಲೂ ಕಂಡಿರಲಿಲ್ಲ.

ಕೆಲವು ವರ್ಷದ ಮೇಲೆ ಊರಿಂದ ಚಿಕ್ಕಪ್ಪ ಬೆಂಗಳೂರಿಗೆ ಬಂದಿದ್ದರು. ಮನೆಯಲ್ಲಿ ಯಾರೋ ಕೊಟ್ಟ ಬಾಟಲಿಯೊಂದು ತೆರೆದಿತ್ತು. ಅವರು ಕುಡಿಯುವವರಲ್ಲ. ಸುಮ್ನೆ ಕುತೂಹಲಕ್ಕೆ ಮೂಸಿದರು, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. "ಎಂತ ಮಾರಾಯ ಇದು, ಚೊಗರಿಗೆ ಹುಳಿ ಹಿಂಡಿದ ಹಾಗಿದೆಯಲ್ಲೋ!" ಅಂದರು.

ಚೊಗರು ಅಂದರೆ ಹಸಿ ಅಡಿಕೆ ಬೇಯಿಸಿದ ಕೆಂಪು ನೀರು. ಹಂಡೆಯಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದಂತೆ ಅದು ಗಟ್ಟಿಯಾಗುತ್ತದೆ, ಆಮೇಲೆ ಅಡಿಕೆಗೆ ಬಣ್ಣ ಕೊಡಲು ಬಳಸುತ್ತಾರೆ. ಚಿಕ್ಕಪ್ಪ ತಮಾಷೆಗೆ ಹೇಳಿದರೂ ಮಾತು ಸರಿಯಾಗಿತ್ತು. ಅಡಿಕೆಯಲ್ಲಿರುವುದೂ ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವುದೂ ಒಂದೇ ಬಗೆಯ ಟ್ಯಾನಿನ್. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನೇ ತೆಗೆದುಬಿಡುತ್ತದೆ. ಅದೇ ನಮ್ಮ ಒಗರು. ಹೆಚ್ಚುಕಮ್ಮಿ ಎಲ್ಲ ಕೆಂಪು ದ್ರಾಕ್ಷಿಗಳ ರಸಕ್ಕೂ ಬಣ್ಣವೇ ಇಲ್ಲ. ಸಿಪ್ಪೆ, ಬೀಜದ ಜೊತೆಗೇ ಹುಳಿಯಲು ಬಿಡುವುದರಿಂದ ಬಣ್ಣವೂ ಒಗರೂ ಒಟ್ಟಿಗೆ ಇಳಿಯುತ್ತವೆ.

ಆವತ್ತಿಂದ ನಾನು ಹಣ್ಣಿನ ಹೆಸರು ಹುಡುಕುವುದನ್ನು ಬಿಟ್ಟೆ. ಒಗರು ಎಲ್ಲಿ ಹಿಡಿಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮಾತ್ರ ನೋಡತೊಡಗಿದೆ. ಅಭ್ಯಾಸಕ್ಕೆ ಹಾಲಿಲ್ಲದ ಚಹಾ ಮಾಡಿಕೊಂಡೆ. ಒಂದು ಲೋಟದಲ್ಲಿ ಪುಡಿ ಎರಡು ನಿಮಿಷ, ಇನ್ನೊಂದರಲ್ಲಿ ಐದು, ಮೂರನೆಯದರಲ್ಲಿ ಹತ್ತು. ಆರಿದ ಮೇಲೆ ಒಂದೊಂದೇ ಗುಟುಕು. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಒಗರಿಗೆ ಬಾಯಿ ಒಣಗುತ್ತದೆ. ಇವೆರಡನ್ನು ಬೇರೆ ಮಾಡಲು ಬಂದರೆ ಅರ್ಧ ಕೆಲಸ ಮುಗಿಯಿತು. ವೈನಿನಲ್ಲಿ ಎರಡೂ ಒಟ್ಟಿಗೇ ಬರುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ, ಅಷ್ಟೇ.

ಇಂಪೋರ್ಟೆಡ್ ಬಾಟಲಿ ಒಬ್ಬನೇ ಕೊಂಡರೆ ತಿಂಗಳ ಲೆಕ್ಕ ತಪ್ಪುತ್ತದೆ. ಹಾಗಾಗಿ ಐದು ಜನ ಗೆಳೆಯರು ಸೇರಿದೆವು. ತಿಂಗಳಿಗೊಮ್ಮೆ ಎರಡು ಬಾಟಲಿ, ಖರ್ಚು ಹಂಚಿಕೆ. 750 ಮಿಲಿಲೀಟರಿನ ಬಾಟಲಿಯಿಂದ ತಲೆಗೆ 50 ಮಿಲಿಯಂತೆ ಹಾಕಿದರೆ ಮೂರು ಸುತ್ತು ಬರುತ್ತದೆ. ಲೇಬಲ್ ಕಾಣದ ಹಾಗೆ ಬಾಟಲಿಗೆ ಹಳೇ ಪೇಪರ್ ಸುತ್ತುತ್ತೇವೆ. ರುಚಿ ನೋಡಿ ಉಗುಳಲು ಚಿಕ್ಕಪ್ಪ ಕೊಟ್ಟ ಹಿತ್ತಾಳೆ ಪೀಕದಾನಿ ಇದೆ. ಎಲೆಯಡಿಕೆಯವರ ಮನೆಯಲ್ಲಿ ಅದಕ್ಕೇನು ಕೊರತೆ!

ಮೊದಲ ಎರಡು ಸಲ ಎಡವಿದೆವು. ಏಪ್ರಿಲ್ ತಿಂಗಳು. ರೆಡ್ ವೈನನ್ನು ತಣ್ಣಗೆ ಮಾಡಬಾರದು ಅಂತ ಯಾರೋ ಹೇಳಿದ್ದನ್ನು ನಂಬಿ ಮೇಜಿನ ಮೇಲೇ ಇಟ್ಟಿದ್ದೆವು. ಮೂಗಿಗೆ ಬರೀ ಸ್ಪಿರಿಟ್ ಬಡಿಯಿತು. ಆ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು. ರೆಡ್‌ಗೆ ಸುಮಾರು 16ರಿಂದ 18 ಡಿಗ್ರಿ ಸರಿ. ಈಗ ಬೇಸಿಗೆಯಲ್ಲಿ ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡುತ್ತೇನೆ. ಎರಡನೇ ತಪ್ಪು ಮೆಣಸಿನಕಾಯಿ ಬಜ್ಜಿ. ಖಾರದ ಮೇಲೆ ಒಗರು, ಅದರ ಮೇಲೆ ಆಲ್ಕೋಹಾಲ್ ಸೇರಿ ಬಾಯಿ ಉರಿದುಹೋಯಿತು. ಈಗ ಉಪ್ಪಿಲ್ಲದ ಬ್ರೆಡ್ಡು, ನೀರು. ಕೊನೆಗೆ ಒಂದಿಷ್ಟು ಚೀಸ್. ಚೀಸಿನ ಕೊಬ್ಬಿಗೂ ಪ್ರೋಟೀನಿಗೂ ಒಗರು ತಟ್ಟನೆ ಮೆತ್ತಗಾಗುವುದನ್ನು ನೋಡುವುದೇ ಒಂದು ಮಜಾ.

ನನಗೆ ಸರಿಯಾಗಿ ಬುದ್ಧಿ ಕಲಿಸಿದ್ದು ಬಾರೋಲೋ ಎಂಬ ಇಟಲಿಯ ವೈನ್. ಪೇಪರ್ ಸುತ್ತಿದ ಬಾಟಲಿಯಿಂದ ಬಿದ್ದ ವೈನ್ ತೆಳು ಬಣ್ಣದ್ದು, ಗ್ಲಾಸಿನ ಹಿಂದೆ ಬೆರಳು ಕಾಣುತ್ತಿತ್ತು. ಅಂಚಿನಲ್ಲಿ ಇಟ್ಟಿಗೆಯ ಕೆಂಪು. ಮೂಗಿಗೆ ಒಣಗಿದ ಗುಲಾಬಿ. ನಾನು ಜಾಣನ ಹಾಗೆ "ಇದು ಬರ್ಗಂಡಿಯ ಪಿನೋ ನ್ವಾರ್" ಅಂದುಬಿಟ್ಟೆ. ಬಾಯಿಗೆ ಹಾಕಿದೆ. ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಒಸಡಿನ ಮುಂಭಾಗದಿಂದ ಹಿಡಿದು ಕೆನ್ನೆಯ ಒಳಗಿನವರೆಗೆ, ಎಳೆ ಅಡಿಕೆ ಜಗಿದ ಹಾಗೆ, ಎಲ್ಲ ಮುದುಡಿಕೊಂಡಿತು. ಫ್ರಾನ್ಸಿನ ಆ ಪಿನೋ ದ್ರಾಕ್ಷಿ ಯಾವತ್ತೂ ಹೀಗೆ ಮಾಡುವುದಿಲ್ಲ. ಅದರ ಒಗರು ರೇಷ್ಮೆ ಎಳೆಯಷ್ಟು ಸಣ್ಣದು. ಇದು ಇಟಲಿಯ ಪೀಡ್‌ಮಾಂಟ್‌ನ ನೆಬ್ಬಿಯೋಲೋ ದ್ರಾಕ್ಷಿ. ಬಣ್ಣ ಕಮ್ಮಿ, ಒಗರು ಜಾಸ್ತಿ, ಹುಳಿಯೂ ಜಾಸ್ತಿ. ಅಲ್ಲಿನ ಲಾಂಗೆ ಗುಡ್ಡಗಳಲ್ಲಿ ತುಂಬ ತಡವಾಗಿ, ಮಂಜು ಇಳಿಯುವ ಅಕ್ಟೋಬರ್ ಹೊತ್ತಿಗೆ ಹಣ್ಣಾಗುತ್ತದೆ. ಇಟಲಿಯಲ್ಲಿ ಮಂಜಿಗೆ ನೆಬ್ಬಿಯಾ ಅನ್ನುತ್ತಾರೆ, ದ್ರಾಕ್ಷಿಯ ಹೆಸರು ಅಲ್ಲಿಂದಲೇ ಬಂತು ಅಂತ ಬಹಳ ಜನ ಹೇಳುತ್ತಾರೆ. ಬಾರೋಲೋ ಅಂತ ಹೆಸರು ಹಾಕಬೇಕಾದರೆ ಕಾನೂನಿನ ಪ್ರಕಾರ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಷ್ಟಾದರೂ ಒಗರು ಹೀಗೆ!

ಆ ದಿನ ಅದು ಯಾರಿಗೂ ಹಿಡಿಸಲಿಲ್ಲ. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟೆ. ಮರುದಿನ ರಾತ್ರಿ ತೆಗೆದರೆ ಗಾಳಿಯಾಡಿ ಬೇರೆಯೇ ವೈನ್ ಆಗಿತ್ತು. ಗುಲಾಬಿಯ ಕೆಳಗೆ ಹೊಸ ರಸ್ತೆಯ ಡಾಂಬರಿನ ವಾಸನೆ, ಬಾಯಲ್ಲಿ ಒಗರು ಇದ್ದರೂ ಜಗಳಕ್ಕೆ ಬರುತ್ತಿರಲಿಲ್ಲ. ಒಬ್ಬನೇ ಕೂತು ಖಾಲಿ ಮಾಡಿದೆ. ಗೆಳೆಯರಿಗೆ ಹೇಳಲಿಲ್ಲ.

ಸ್ಪೇನಿನ ರಿಯೋಹಾ ಮಾತ್ರ ಮೊದಲ ಗ್ಲಾಸಿಗೇ ಎಲ್ಲರಿಗೂ ಇಷ್ಟವಾಯಿತು. ಮೂಸಿದ ಕೂಡಲೇ ಐವರಲ್ಲಿ ಮೂವರು "ಕೊಬ್ಬರಿ" ಅಂದರು. ಅದು ದ್ರಾಕ್ಷಿಯದ್ದಲ್ಲ, ಮರದ್ದು. ರಿಯೋಹಾದವರು ಹಿಂದಿನಿಂದಲೂ ಅಮೆರಿಕದ ಓಕ್ ಮರದ ಪೀಪಾಯಿ ಬಳಸುತ್ತಾರೆ. ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್ ಅದರಲ್ಲಿ ಫ್ರೆಂಚ್ ಓಕ್‌ಗಿಂತ ಜಾಸ್ತಿ. ಇಲ್ಲಿ ಲೇಬಲ್ ಓದುವುದೂ ಸುಲಭ. ಕ್ರಿಯಾನ್ಸಾ ಎಂದರೆ ಕನಿಷ್ಠ ಎರಡು ವರ್ಷ ಮಾಗಿದ್ದು, ರೆಸೆರ್ವಾ ಮೂರು ವರ್ಷ. ಎರಡಕ್ಕೂ ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷ. ಗ್ರಾನ್ ರೆಸೆರ್ವಾ ಐದು ವರ್ಷದ್ದು, ಅದರಲ್ಲಿ ಎರಡು ಪೀಪಾಯಿಯಲ್ಲಿ. ಕಾಯುವ ಕೆಲಸ ಅವರೇ ಮಾಡಿ ಕೊಡುತ್ತಾರೆ. ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳುವುದು ಒಂದು ರೆಸೆರ್ವಾ ಕೊಳ್ಳಿ ಅಂತಲೇ. ಫ್ರಾನ್ಸಿನ ಬೋರ್ಡೋ ಆಮೇಲೆ ನೋಡಿಕೊಳ್ಳಬಹುದು.

ಬೋರ್ಡೋಗೆ ನಾವು ಒಂದೇ ವರ್ಷದ ಎರಡು ಬಾಟಲಿ ಅಕ್ಕಪಕ್ಕ ಇಟ್ಟು ನೋಡಿದೆವು. ಅಲ್ಲಿನ ನದಿಯ ಎಡದಂಡೆಯ ಮೆಡಾಕ್‌ನದು ಜಲ್ಲಿಕಲ್ಲಿನ ನೆಲ, ಕ್ಯಾಬರ್ನೆ ಸಾವಿನ್ಯೋ ದ್ರಾಕ್ಷಿ ಜಾಸ್ತಿ. ಬಲದಂಡೆಯ ಸೇಂಟ್ ಎಮಿಲಿಯೋನದ್ದು ಮೆರ್ಲೋ ಜಾಸ್ತಿ. ಮೊದಲನೆಯದರ ಒಗರು ಕೆನ್ನೆಗೆ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ನಿಂತಿತು, ಎರಡನೆಯದು ಚೆನ್ನಾಗಿ ಹಣ್ಣಾದ ನೇರಳೆಯ ಹಾಗೆ ನಾಲಿಗೆಯ ಮೇಲಷ್ಟೇ ಉಳಿಯಿತು. ಒಂದೇ ಊರಿನ ಹೆಸರು ಹೊತ್ತ ವೈನುಗಳೇ ಹೀಗಿರುವಾಗ ಬರೀ ಬೋರ್ಡೋ ಅಂತ ಹೇಳಿ ಬಾಟಲಿ ತರಿಸುವುದಕ್ಕೆ ಅರ್ಥವಿಲ್ಲ, ಅಲ್ವಾ?

ಮಾಲ್ಬೆಕ್‌ದು ಇನ್ನೊಂದು ಕಥೆ. ಈ ದ್ರಾಕ್ಷಿಯ ತವರು ಫ್ರಾನ್ಸಿನ ಕಾಹೋರ್ ಸೀಮೆ. 1853ರಲ್ಲಿ ಮಿಷೆಲ್ ಪುಜೆ ಎಂಬ ಫ್ರೆಂಚ್ ಕೃಷಿ ತಜ್ಞ ಅರ್ಜೆಂಟೀನಾಕ್ಕೆ ಫ್ರಾನ್ಸಿನ ಬಳ್ಳಿಗಳನ್ನು ಒಯ್ದ, ಅದರಲ್ಲಿ ಇದೂ ಇತ್ತು. ಮೆಂಡೋಸಾದಲ್ಲಿ ಆಂಡಿಸ್ ಪರ್ವತದ ಬುಡದಲ್ಲಿ, ಯೂಕೋ ಕಣಿವೆಯಲ್ಲಂತೂ 1,000 ಮೀಟರಿಗಿಂತ ಎತ್ತರದಲ್ಲಿ, ಅದನ್ನು ಬೆಳೆಯುತ್ತಾರೆ. ಹಗಲು ಸುಡುವ ಬಿಸಿಲು, ರಾತ್ರಿ ಚಳಿ. ಬಣ್ಣ ಮಸಿಯಷ್ಟು ಕಪ್ಪು. ನೋಡಿದರೆ ಬಾಯಿ ಕಟ್ಟಿಬಿಡುತ್ತದೇನೋ ಅನ್ನಿಸುತ್ತದೆ. ಆದರೆ ಒಗರು ಬೆಣ್ಣೆ. ಕಾಹೋರ್‌ನ ಬಾಟಲಿಯಲ್ಲಿ ಅದೇ ದ್ರಾಕ್ಷಿ ಒರಟಾಗಿ, ಬಾಳೆಕಾಯಿಯ ಕರೆಯ ಹಾಗೆ ಅಂಟಿತು. ಬಾರೋಲೋ ತೆಳುವಾಗಿ ಕಂಡು ಮೋಸ ಮಾಡಿತ್ತು, ಇದು ಕಪ್ಪಾಗಿ ಕಂಡು. ಅವತ್ತಿಂದ ಬಣ್ಣ ನೋಡಿ ಒಗರು ಊಹಿಸುವ ಕೆಲಸ ಬಿಟ್ಟೆ.

ನಮ್ಮ ನಂದಿ ಬೆಟ್ಟದ ತಪ್ಪಲಿನ ವೈನನ್ನೂ ಪೇಪರ್ ಸುತ್ತಿ ಸಾಲಿನಲ್ಲಿಟ್ಟಿದ್ದೆವು. ಗ್ರೋವರ್ ಝಾಂಪಾದ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಜ್ ಬೆರಕೆ. ಇಬ್ಬರು ಅದನ್ನು ಆಸ್ಟ್ರೇಲಿಯಾದ್ದು ಅಂದರು. ಪೇಪರ್ ಬಿಚ್ಚಿದಾಗ ದೊಡ್ಡಬಳ್ಳಾಪುರದ ಗೆಳೆಯನ ಮುಖ ನೋಡಬೇಕಿತ್ತು!

ಆದರೆ ನನ್ನ ಊರು ನನಗೆ ಸಿಕ್ಕಿದ್ದು ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಸಿರಾದಲ್ಲಿ. ಕ್ರೋಝ್ ಎರ್ಮಿಟಾಜ್‌ನ ಬಾಟಲಿ. ಗ್ಲಾಸ್ ಮೂಗಿನ ಹತ್ತಿರ ಬರುತ್ತಿದ್ದ ಹಾಗೆ ಅಂಗಳದಲ್ಲಿ ಒಣಹಾಕಿದ ಕಾಳುಮೆಣಸು. ನಮ್ಮ ಅಡಿಕೆ ಮರಗಳಿಗೆ ಹಬ್ಬಿದ ಬಳ್ಳಿಯದ್ದೇ. ಇದು ಬರೀ ಹೋಲಿಕೆ ಅಲ್ಲ. ಕಾಳುಮೆಣಸಿನ ಘಮಕ್ಕೆ ಕಾರಣವಾದ ರೋಟಂಡೋನ್ ಎಂಬ ವಸ್ತುವೇ ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಅದನ್ನು ಗುರುತಿಸಿದರು. ತಂಪು ಜಾಗದ ಹಣ್ಣಿನಲ್ಲಿ ಅದು ಜಾಸ್ತಿ. ಅದೇ ದ್ರಾಕ್ಷಿ ಆಸ್ಟ್ರೇಲಿಯಾದ ಬರೋಸಾ ಬಿಸಿಲಿನಲ್ಲಿ ಶಿರಾಜ್ ಎಂಬ ಹೆಸರಲ್ಲಿ ಬೆಳೆದಾಗ ಮೆಣಸು ಹಿಂದೆ ಸರಿದು ಹಣ್ಣಿನ ಪಾಕ ಮುಂದೆ ಬರುತ್ತದೆ.

ನಾನು ಖುಷಿಯಲ್ಲಿ ಮೆಣಸು, ಮೆಣಸು ಅಂತ ಕುಣಿಯುತ್ತಿದ್ದರೆ ಒಬ್ಬ ಗೆಳೆಯ ಮಾತ್ರ ಗ್ಲಾಸನ್ನು ನಾಲ್ಕು ಸಲ ತಿರುಗಿಸಿ ಮೂಸಿ, "ಏನೂ ಇಲ್ವಲ್ಲೋ" ಅಂದ. ನೆಗಡಿ ಅಂದುಕೊಂಡೆವು. ಮುಂದಿನ ತಿಂಗಳೂ ಅದೇ ಮಾತು. ಆಮೇಲೆ ಗೊತ್ತಾಯಿತು, ಸುಮಾರು ಐವರಲ್ಲಿ ಒಬ್ಬರಿಗೆ ರೋಟಂಡೋನ್ ವಾಸನೆ ಹತ್ತುವುದೇ ಇಲ್ಲ. ನಮ್ಮ ಐವರಲ್ಲಿ ಆ ಒಬ್ಬ ಇವನೇ. ಮೆಣಸಿನ ಸಾರಿನ ಖಾರ ಅವನ ಗಂಟಲಿಗೆ ತಾಗುತ್ತದೆ, ಘಮ ಮಾತ್ರ ನಮ್ಮಷ್ಟು ಸಿಗುತ್ತಿರಲಿಕ್ಕಿಲ್ಲ. ಈಗ ರೋನ್ ಬಾಟಲಿ ತೆರೆದ ದಿನ ಅವನ ಗ್ಲಾಸಿಗೆ 50ರ ಬದಲು 30 ಮಿಲಿ ಹಾಕುತ್ತೇವೆ. ಖರ್ಚಿನಲ್ಲೂ ಅಷ್ಟೇ ಕಮ್ಮಿ ಮಾಡಿ ಅಂತ ಅವನ ತಕರಾರು.