ಗುಡ್ಡೆಯ ಕೇಪಳ ನಮ್ಮ ಬೇಲಿಗೆ ಬಂದದ್ದು

ಮನೆ ಹಿಂದಿನ ಗುಡ್ಡೆಗೆ ಜೆಸಿಬಿ ಬರುತ್ತದೆ ಎಂದು ಗೊತ್ತಾದಾಗ ನನಗೆ ಮೊದಲು ನೆನಪಾದದ್ದು ಅಲ್ಲಿನ ಕೇಪಳದ ಗಿಡಗಳು. ಕಾಸರಗೋಡಿನ ಬದಿಯಡ್ಕ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗಳಲ್ಲಿ ಅದನ್ನು ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದೂ ಅಲ್ಲ. ಬೇಸಿಗೆ ರಜೆಯಲ್ಲಿ ನಾವು ಆ ಕೆಂಪು ಹೂ ಕಿತ್ತು, ನಡುವಿನ ಎಳೆಯನ್ನು ಮೆಲ್ಲಗೆ ಎಳೆದು, ಅದಕ್ಕೆ ಅಂಟಿಕೊಂಡು ಬರುವ ಹನಿ ಜೇನು ಚೀಪುತ್ತಿದ್ದೆವು.

ನಮಗೆ ಕೇಪಳ, ಕೆಲವರಿಗೆ ಕಿಸ್ಕಾರ, ಪಕ್ಕದ ಮಲಯಾಳಿ ಮನೆಯವರಿಗೆ ಚೆಕ್ಕಿ. ಸಸ್ಯಶಾಸ್ತ್ರದ ಹೆಸರು ಇಕ್ಸೋರಾ ಕಾಕ್ಸಿನಿಯಾ. ಕಾಫಿಯ ಬಳಗದ್ದು.

ಮೊದಲು ಒಂದು ದೊಡ್ಡ ಗಿಡವನ್ನೇ ಅಗೆದು ತಂದೆ. ಕಲ್ಲಿನ ಬಿರುಕಿನೊಳಗೆ ಇಳಿದಿದ್ದ ಬೇರು ಅರ್ಧಕ್ಕೇ ತುಂಡಾಯಿತು, ಗಿಡ ವಾರದಲ್ಲಿ ಒಣಗಿತು. ಆಮೇಲೆ ಮಳೆ ಹಿಡಿದಾಗ ಪೆನ್ಸಿಲ್ ದಪ್ಪದ, ಗೇಣುದ್ದದ ಗೆಲ್ಲುಗಳನ್ನು ನೆಟ್ಟೆ. 12ರಲ್ಲಿ 3 ಬದುಕಿದವು. ಹಣ್ಣಿನ ಬೀಜವೇ ನನಗೆ ಚೆನ್ನಾಗಿ ಒಗ್ಗಿತು. ಕಪ್ಪುಗೆಂಪಾಗಿ ಹಣ್ಣಾದದ್ದನ್ನು ಹಿಸುಕಿ, ಬೀಜ ತೊಳೆದು, ಒಣಗಲು ಬಿಡದೆ ಅವತ್ತೇ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದೆ.

ಸಸಿಗಳನ್ನು ಹೊಸ ಕಂಪೌಂಡ್ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟೆ. ಬಚ್ಚಲೊಲೆಯ ಬೂದಿಯನ್ನೂ ಸುರಿದೆ, ಒಳ್ಳೆಯದಾಗಲಿ ಎಂದು. ಮೂರೇ ತಿಂಗಳಲ್ಲಿ ಚಿಗುರೆಲೆ ಹಳದಿಯಾಯಿತು. ಎಲೆಯ ನರ ಮಾತ್ರ ಹಸಿರು, ನಡುವೆಲ್ಲ ಬಿಳಿಚಿಕೊಂಡಿತ್ತು. ತೋಟದ ಕೆಲಸಕ್ಕೆ ಬರುವ ಅಣ್ಣ ಎಲೆ ಮುಟ್ಟಿ ನೋಡಿ, "ಗುಡ್ಡೆಯ ಗಿಡಕ್ಕೆ ಸಿಮೆಂಟು, ಬೂದಿ ಎರಡೂ ಆಗುವುದಿಲ್ಲಕ್ಕಾ" ಎಂದರು. ಸರಿಯಾಗಿಯೇ ಹೇಳಿದರು. ಕೇಪಳಕ್ಕೆ ಹುಳಿ (ಆಮ್ಲೀಯ) ಮಣ್ಣು ಬೇಕು. ಸಿಮೆಂಟಿನ ಸುಣ್ಣ, ಬೂದಿ ಸೇರಿದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲ್ಲವನ್ನೂ ಮಣ್ಣಿನ ಹೆಂಟೆ ಸಮೇತ ಎತ್ತಿ ಪೂರ್ವದ ಬೇಲಿಗೆ, ಬರೀ ಮುರಮಣ್ಣಿಗೆ ಸಾಗಿಸಿದೆ. ಬುಡಕ್ಕೆ ತರಗೆಲೆ ಮತ್ತು ಸ್ವಲ್ಪ ಹಟ್ಟಿಗೊಬ್ಬರ, ಅಷ್ಟೇ. ಮುಂದಿನ ಚಿಗುರು ಹಸಿರಾಗಿ ಬಂದಾಗ ಆದ ಸಂತೋಷ ಹೇಳಿ ಮುಗಿಯದು.

ಮೂರನೇ ವರ್ಷ ಹೂ ಬಿಟ್ಟಿತು. ಹೂ ಬರುವುದು ಗೆಲ್ಲಿನ ತುದಿಯಲ್ಲಿ. ಹಾಗಾಗಿ ಗೊಂಚಲು ಬಾಡಿದ ಮೇಲಷ್ಟೇ ಸವರುತ್ತೇನೆ, ಆಗ ಗೆಲ್ಲು ಒಡೆದು ಗಿಡ ಪೊದೆಯಾಗುತ್ತದೆ. ಇರುವೆಗಳ ಓಡಾಟ ಜಾಸ್ತಿಯಾದರೆ ಎಲೆಯಡಿ ನೋಡಬೇಕು. ಎಲೆಗೆ ಅಂಟಿಕೊಂಡು ರಸ ಹೀರುವ ಶಲ್ಕ ಕೀಟ ಹೆಚ್ಚಾಗಿ ಇರುತ್ತದೆ. ಬೇವಿನೆಣ್ಣೆಗೆ ಸೋಪು ಕಲಸಿ ಸಿಂಪಡಿಸಿದರೆ ನನಗೆ ಸಾಕಾಗಿದೆ.

ಹೂವಿನ ತಂಬುಳಿಯನ್ನು ಅಮ್ಮನಿಂದ ಕಲಿತೆ. ಎರಡು ಗೊಂಚಲಿನ ಹೂ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಜೊತೆ ನುಣ್ಣಗೆ ಅರೆದು, ಮಜ್ಜಿಗೆಗೆ ಬೆರೆಸುವುದು. ಹೊಟ್ಟೆ ಕೆಟ್ಟಾಗ ನಮ್ಮಲ್ಲಿ ಇದನ್ನೇ ಊಟಕ್ಕೆ ಮಾಡುತ್ತಿದ್ದರು. ಭೇದಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು ಅನ್ನಿ. ಹೂ ಜಜ್ಜಿ ಹಾಕಿದ ತೆಂಗಿನೆಣ್ಣೆಯನ್ನು ಸಣ್ಣ ಉರಿಯಲ್ಲಿ, ಹೂ ಗರಿಗರಿಯಾಗುವ ತನಕ ಕಾಯಿಸಿ ಸೋಸಿ, ಮಕ್ಕಳ ಮೈಗೆ ಹಚ್ಚುವ ರೂಢಿಯೂ ಇದೆ.

ನರ್ಸರಿಯಿಂದ ತಂದ ಗಿಡ್ಡ ಜಾತಿಯೂ ನನ್ನಲ್ಲಿ ಒಂದಿದೆ. ಹೂವೇನೋ ತುಂಬಾ ಬಿಡುತ್ತದೆ, ಹಣ್ಣು ಕಂಡಿಲ್ಲ. ಕಾಡು ಕೇಪಳದ ಹಣ್ಣಿಗೆ ಪಿಕಳಾರಗಳು ಬರುತ್ತವೆ. ಕಳೆದ ಬೇಸಿಗೆಯ ಒಂದು ಬೆಳಗ್ಗೆ ಹಳದಿ ಹಿಂರೆಕ್ಕೆಯ ದೊಡ್ಡ ಕಪ್ಪು ಚಿಟ್ಟೆ, ಸದರ್ನ್ ಬರ್ಡ್‌ವಿಂಗ್, ಒಂದೇ ಗೊಂಚಲಿನ ಮೇಲೆ ರೆಕ್ಕೆ ಬಡಿಯುತ್ತಲೇ ಹೂವಿಂದ ಹೂವಿಗೆ ಹೀರುನಳಿಗೆಯನ್ನು ಇಳಿಸುತ್ತಿತ್ತು. ಆ ಹೂವಿನ ಕೊಳವೆ ಉದ್ದ, ಉದ್ದ ನಳಿಗೆಯವರಿಗೇ ಜೇನು.

ತೆಯ್ಯಂ (ಇಲ್ಲಿನ ದೈವಾರಾಧನೆ) ದಿನಗಳಲ್ಲಿ ಮಾಲೆಗೆಂದು ಪಕ್ಕದ ಮನೆಯವರು ಬುಟ್ಟಿ ಹಿಡಿದು ಬರುತ್ತಾರೆ. ಮೊದಲು ಅವರೂ ಗುಡ್ಡೆ ಹತ್ತುತ್ತಿದ್ದರು. ಈ ಸಲ ಅವರ ಬೇಲಿಗೂ ಆರು ಸಸಿ ಎತ್ತಿಟ್ಟಿದ್ದೇನೆ. ಮಳೆ ಬಂದ ಕೂಡಲೇ ಕೊಡಬೇಕು.