ಕಾಲು ಬಿಡದ ಪೆಡಲ್ಲು

ಕಳೆದ ಮಳೆಗಾಲದಲ್ಲಿ ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಹೋಗ್ತಾ ಇದ್ದೆ. ಎದುರಿಗೆ ಕಬ್ಬಿನ ಗಾಡಿ ಬಂತು. ದಾರಿ ಬಿಡೋಣ ಅಂತ ನಿಲ್ಲಿಸಿದರೆ ಎಡಗಾಲು ಪೆಡಲ್ ಬಿಡಲೇ ಇಲ್ಲ. ಸೈಕಲ್ ಸಮೇತ ಹಾಗೇ ಎಡಕ್ಕೆ ಮಲಗಿಬಿಟ್ಟೆ. ಗಾಡಿಯವರು ಎತ್ತು ನಿಲ್ಲಿಸಿ, "ಏನ್ ಸಾ, ಕಾಲ್ ಕಟ್ಟಾಕ್ಕಂಡ್ ತುಳೀತೀರಾ?" ಅಂದರು. ಒಂದು ಲೆಕ್ಕಕ್ಕೆ ನಿಜ.

ಈ ಪೆಡಲಿಗೆ ಕ್ಲಿಪ್‌ಲೆಸ್ ಅಂತ ಹೆಸರು. ಶೂ ತಳದಲ್ಲಿರುವ ಕ್ಲೀಟ್ ಅನ್ನೋ ಲೋಹದ ತುಂಡು ಪೆಡಲಿಗೆ ಟಕ್ ಅಂತ ಕಚ್ಚಿಕೊಳ್ಳುತ್ತೆ, ಹಿಮ್ಮಡಿ ಹೊರಗೆ ತಿರುಗಿಸಿದರೆ ಬಿಡುತ್ತೆ. ಹಾಗಿದ್ದೂ ಕ್ಲಿಪ್ 'ಇಲ್ಲದ' ಪೆಡಲ್ ಯಾಕೆ? ಹಿಂದೆ ಕಾಲ್ಬೆರಳು ತೂರಿಸುವ ಟೋ ಕ್ಲಿಪ್ಪೂ ಪಟ್ಟಿಯೂ ಇರುತ್ತಿದ್ದವು. ಅವಿಲ್ಲದ್ದು ಅಂತ ಈ ಹೆಸರು. ಸೈಕಲ್ ಬಿಡಿಭಾಗ ಮಾಡುವ ಶಿಮಾನೊದವರು 1990ರಲ್ಲಿ ಎಸ್‌ಪಿಡಿ ಅನ್ನೋ ತಮ್ಮ ಕ್ಲಿಪ್‌ಲೆಸ್ ಪೆಡಲ್ ತಂದ ಮೇಲೆ ಮೌಂಟನ್ ಬೈಕಿಗೆ ಇದು ಚೆನ್ನಾಗಿ ಹೊಂದಿಕೊಂಡಿತು. ಕ್ಲೀಟ್ ಚಿಕ್ಕದು, ಶೂ ತಳದ ಒಳಗೇ ಅಡಗಿರುತ್ತೆ, ಇಳಿದು ನಡೆಯಬಹುದು.

ಮನೆಗೆ ಬಂದವನೇ ಹೊಸ ಪೆಡಲ್ ಹುಡುಕಲು ಕೂತೆ. ಅದೇ ತಪ್ಪು. ಮೊದಲು ಶೂ ತಿರುಗಿಸಿ ನೋಡಬೇಕಿತ್ತು. ಮೂರು ವರ್ಷ ಕಲ್ಲಿನ ಮೇಲೆ ನಡೆದು ಕ್ಲೀಟಿನ ಮುಂದಿನ ತುಟಿ ಸವೆದು ದುಂಡಗಾಗಿತ್ತು. ಬರೀ ಕ್ಲೀಟ್ ತರಿಸಿ ಹಾಕಿದೆ. ಕಾಲು ಸಲೀಸಾಗಿ ಬಿಡತೊಡಗಿತು. ಪೆಡಲ್ ದುಡ್ಡು ಉಳಿಯಿತು ಅಂದುಕೊಂಡೆ. ಆದರೆ ತುಳಿದಾಗಲೆಲ್ಲ ಕಟಕ್ ಕಟಕ್ ಸದ್ದು ಹೋಗಲಿಲ್ಲ. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಹಿಡಿದುಕೊಂಡು ಪೆಡಲ್ ಅಲ್ಲಾಡಿಸಿದೆ. ಲೊಡಲೊಡ. ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ. ಸೆಕೆಂಡ್ ಹ್ಯಾಂಡ್ ಸೈಕಲ್ ಜೊತೆ ಬಂದ ಅಗ್ಗದ ಪೆಡಲ್, ಬಿಚ್ಚಿ ಗ್ರೀಸ್ ಹಾಕುವ ಹಾಗೂ ಇರಲಿಲ್ಲ. ಬದಲಾಯಿಸಲೇಬೇಕು.

ನನ್ನ ದಾರಿಗಳು ಎರಡು ಥರ. ಒಂದು ನಾಲೆ ಏರಿ, ಮಳೆ ಬಂದರೆ ಜೇಡಿಮಣ್ಣು ಹಲಸಿನ ಮೇಣದ ಹಾಗೆ ಮೆತ್ತಿಕೊಳ್ಳುತ್ತೆ. ಇನ್ನೊಂದು ಪಾಂಡವಪುರದ ಕುಂತಿಬೆಟ್ಟದ ಕಡೆ, ಅಲ್ಲಿ ಎಷ್ಟೋ ಸಲ ಸೈಕಲ್ ತಳ್ಳಿಕೊಂಡು ಬಂಡೆ ಮೇಲೆ ನಡೆಯಬೇಕು. ಗೆಳೆಯರೊಬ್ಬರು ಕ್ರ್ಯಾಂಕ್‌ಬ್ರದರ್ಸ್ ಕಂಪನಿಯ ಎಗ್‌ಬೀಟರ್ ಪೆಡಲ್ ತಗೊಳ್ಳಿ ಅಂದರು. ನಾಲ್ಕು ಕಡೆಯಿಂದಲೂ ಕಚ್ಚುತ್ತೆ, ಕೆಸರು ನಿಲ್ಲೋದೇ ಇಲ್ಲ. ನಾಲೆಗೆ ಅದೇ ಸರಿ. ಆದರೆ ಅದರ ಕ್ಲೀಟ್ ಹಿತ್ತಾಳೆಯದು, ಬಂಡೆ ಮೇಲೆ ಬೇಗ ಸವೆಯುತ್ತೆ. ಅಲ್ಲದೆ ನನ್ನ ಎಸ್‌ಪಿಡಿ ಕ್ಲೀಟ್ ಅದಕ್ಕೆ ಕೂರೋದಿಲ್ಲ. ಈಗಷ್ಟೇ ಹೊಸ ಕ್ಲೀಟ್ ಹಾಕಿದ್ದೆ, ಅಲ್ವಾ?

ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಎಸ್‌ಪಿಡಿ ಇರೋ ಪೆಡಲ್ಲೂ ಸಿಗುತ್ತೆ. ಚಪ್ಪಲಿ ಹಾಕಿಕೊಂಡು ತರಕಾರಿಗೆ ಹೋಗಬಹುದು ಅಂತ ಆಸೆಯಾಯಿತು. ಆದರೆ ಏರುದಾರಿಯಲ್ಲಿ ಮತ್ತೆ ಹೊರಡುವಾಗ ಯಾವ ಮುಖ ಮೇಲಿದೆ ಅಂತ ಬಗ್ಗಿ ನೋಡುವ ಗೋಳು ಬೇಡ ಅನ್ನಿಸಿತು.

ಕೊನೆಗೆ ಉಳಿದದ್ದು ಶಿಮಾನೊದ ಎರಡು ಎಸ್‌ಪಿಡಿ ಪೆಡಲ್: ಎಂ520 ಮತ್ತು ಸುತ್ತ ಚೌಕಟ್ಟು ಇರುವ ಎಂ530. ಶೂ ಚೀಲಕ್ಕೆ ಹಾಕಿಕೊಂಡು ಮೈಸೂರಿನ ಅಂಗಡಿಗೆ ಹೋದೆ. ಕೌಂಟರ್ ಮೇಲೆ ಪೆಡಲ್ ಇಟ್ಟು ಶೂ ಕೈಯಲ್ಲೇ ಒತ್ತಿ ನೋಡಿದೆ. ಅಂಗಡಿ ಹುಡುಗ ನಕ್ಕ. ನಗಲಿ ಬಿಡಿ. ಎಂ530ರಲ್ಲಿ ನನ್ನ ಶೂ ತಳದ ದಪ್ಪ ರಬ್ಬರ್ ಉಬ್ಬುಗಳು ಚೌಕಟ್ಟಿಗೆ ತಾಗಿ, ಕ್ಲೀಟ್ ಪೂರ್ತಿ ಕೂರಲಿಲ್ಲ. ಎಂ520ರಲ್ಲಿ ಟಕ್ ಅಂತ ಕೂತಿತು. ಅದನ್ನೇ ತಗೊಂಡೆ. "ಸಾರ್, ಎಂ540 ಇನ್ನೂ ಹಗುರ" ಅಂದ ಹುಡುಗ. ಇದು ಒಂದು ಜೋಡಿಗೆ 380 ಗ್ರಾಂ, ಅದು 352. ವ್ಯತ್ಯಾಸ ಒಂದು ಮದ್ದೂರು ವಡೆಯಷ್ಟೂ ಇಲ್ಲ. ಮನೆಗೆ ಬಂದು ಡಬ್ಬ ಬಿಚ್ಚಿದರೆ ಒಳಗೆ ಒಂದು ಜೊತೆ ಹೊಸ ಕ್ಲೀಟ್! ಪೆಡಲ್ ಜೊತೆ ಅದು ಬಂದೇ ಬರುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಹಳೇದು ಬಿಚ್ಚುವಾಗ ಇನ್ನೊಂದು ಪಾಠ. ಎಡಗಡೆ ಪೆಡಲಿನ ಮರೆ (ಥ್ರೆಡ್) ಉಲ್ಟಾ ಅಂತ ಗೊತ್ತಿದ್ದೂ ಹತ್ತು ನಿಮಿಷ ಬಿಗಿ ಮಾಡುತ್ತಲೇ ಇದ್ದೆ. ಬೀದಿ ಕೊನೆಯ ಸೈಕಲ್ ರಿಪೇರಿ ಅಣ್ಣ ನೋಡಲಾರದೆ ಬಂದರು. "ಎಡ ಬಲ ಯೋಚ್ನೆ ಬಿಡಿ ಸಾರ್. ಸ್ಪ್ಯಾನರ್ ಮೇಲಕ್ಕೆ ನಿಲ್ಸಿ, ಹಿಂದಿನ ಚಕ್ರದ ಕಡೆ ಎಳೀರಿ. ಎರಡು ಕಡೆನೂ ಅಷ್ಟೇ" ಅಂದರು. 15ರ ಸ್ಪ್ಯಾನರಿಗೆ ಒಂದು ಕಬ್ಬಿಣದ ಪೈಪ್ ತೂರಿಸಿ ಎಳೆದರು. ಕಿರ್ರ್ ಅಂತ ಸಡಿಲವಾಯಿತು. ಅದಕ್ಕೂ ಮುಂಚೆ ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ಹಾಕಿಸಿದ್ದರು. ಇಲ್ಲದಿದ್ದರೆ ಕೈ ಜಾರಿದಾಗ ಹಲ್ಲು ಚರ್ಮ ಕೀಳುತ್ತೆ.

ಹೊಸದರ ಮರೆಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿದೆ. ಕ್ರ್ಯಾಂಕ್ ಅಲ್ಯೂಮಿನಿಯಂ, ಅಡ್ಡ ಕೂತರೆ ಮರೆ ಹೋಯಿತು ಅಂತಲೇ ಲೆಕ್ಕ. ಆಮೇಲೆ 3 ಎಂಎಂ ಅಲೆನ್ ಕೀಯಿಂದ ಕ್ಲೀಟ್ ಹಿಡಿಯುವ ಸ್ಪ್ರಿಂಗಿನ ಬಿಗಿ ಪೂರ್ತಿ ಕಡಿಮೆ ಮಾಡಿದೆ. ಪೆಡಲಿಗೆ ಎರಡು ಮುಖ, ಎರಡಕ್ಕೂ ಬೇರೆ ಬೇರೆ ಸ್ಕ್ರೂ. ನಾನು ಒಂದನ್ನು ಮರೆತು, ಒಂದು ಮುಖ ಸಲೀಸು, ಇನ್ನೊಂದು ಗಟ್ಟಿ ಅಂತ ಎರಡು ದಿನ ತಲೆ ಕೆರೆದುಕೊಂಡೆ.

ಗೋಡೆಗೆ ಒರಗಿಕೊಂಡು ಒಂದೊಂದು ಕಾಲೂ ಇಪ್ಪತ್ತು ಸಲ ಹಾಕಿ ತೆಗೆದೆ. ಮೊನ್ನೆ ಅದೇ ಏರಿ ಮೇಲೆ ಮತ್ತೆ ಕಬ್ಬಿನ ಗಾಡಿ ಎದುರಾಯಿತು. ಕಾಲು ಬಿಟ್ಟಿತು, ನಿಂತೆ. ಗಾಡಿಯವರು ಬೇರೆಯವರು, ಪಾಪ, ಅವರಿಗೇನು ಗೊತ್ತು, ಸುಮ್ನೆ ಹೋದರು.