ವೈದ್ಯರ ಸಾಕ್ಷ್ಯವನ್ನು ನಾನು ತೂಗುವ ಬಗೆ

ದಾವಣಗೆರೆಯಲ್ಲಿ ವಕೀಲನಾಗಿ ನಾನು ನಡೆಸಿದ ಕಾರ್ಮಿಕ ಪರಿಹಾರ ಪ್ರಕರಣಗಳಲ್ಲಿ ಹೆಚ್ಚಿನವು ಲಾರಿ ಚಾಲಕರು, ಕ್ಲೀನರ್‌ಗಳು ಮತ್ತು ಹಮಾಲರವು. ಎದುರು ನಿಂತು ವಾದಿಸುವುದು ಸಾಮಾನ್ಯವಾಗಿ ವಿಮಾ ಕಂಪನಿ. ಅಪಘಾತವೇ ನಡೆದಿಲ್ಲವೆಂಬ ತಕರಾರು ಬೇಗ ಬಿದ್ದುಹೋಗುತ್ತದೆ. ಉಳಿಯುವುದು ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರು.

2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಗಾಯಗಳ ಪಟ್ಟಿಯಲ್ಲಿ, ಇದ್ದ ಗಾಯವಾದರೆ ಚರ್ಚೆಗೆ ಹೆಚ್ಚು ಎಡೆಯಿರಲಿಲ್ಲ. ಹೆಬ್ಬೆರಳು ಹೋದರೆ ಶೇ. 30 ಎಂದು ಅಲ್ಲಿಯೇ ನಿಗದಿಯಾಗಿತ್ತು. ಅನುಸೂಚಿಯಲ್ಲಿ ಇಲ್ಲದ ಗಾಯಕ್ಕೆ ಅರ್ಹ ವೈದ್ಯರು ಅಂದಾಜಿಸಬೇಕಾಗಿದ್ದುದು ಗಳಿಕೆಯ ಸಾಮರ್ಥ್ಯದ ಶಾಶ್ವತ ನಷ್ಟವನ್ನು. ಆದರೆ ಪ್ರಮಾಣಪತ್ರದಲ್ಲಿ ಬರುತ್ತಿದ್ದುದು ಬಹುಮಟ್ಟಿಗೆ ಕಾಲಿನ ಅಥವಾ ಕೈಯ ಅಂಗವೈಕಲ್ಯ ಮಾತ್ರ.

ಮೆಕ್ಕೆಜೋಳದ ಚೀಲಗಳು ಉರುಳಿ ಮೊಣಕಾಲಿನ ಕೀಲು ಮುರಿದುಕೊಂಡ, 40 ವರ್ಷದ ಲಾರಿ ಹಮಾಲರೊಬ್ಬರ ಪ್ರಕರಣದಲ್ಲಿ ಕಾಲಿಗೆ ಶೇ. 30 ಎಂದು ಬರೆಯಲಾಗಿತ್ತು. ಅದರ ಮೂರನೆಯ ಒಂದು ಭಾಗ ಇಡೀ ದೇಹಕ್ಕೆ, ಆದ್ದರಿಂದ ನಷ್ಟ ಶೇ. 10 ಎಂಬುದು ಎದುರಾಳಿಯ ವಾದ. ಮಾಸಿಕ ವೇತನ 15,000 ರೂಪಾಯಿ ಎಂದಿಟ್ಟರೆ, ಅದರ ಶೇ. 60ನ್ನು ಕಾಯ್ದೆ ಆ ವಯಸ್ಸಿಗೆ ಗೊತ್ತುಪಡಿಸಿದ್ದ ಗುಣಾಂಕ 184.17ರಿಂದ ಗುಣಿಸಿದಾಗ ಪೂರ್ತಿ ನಷ್ಟದ ಪರಿಹಾರ 16,57,530 ರೂಪಾಯಿ ಬರುತ್ತದೆ, ಅದರ ಶೇ. 10 ಮತ್ತು ಶೇ. 30ರ ನಡುವಿನ ಅಂತರವೇ ಮೂರು ಲಕ್ಷ ಮೀರುತ್ತದೆ.

ನಾನು ಮೊದಲು ಹಿಡಿದದ್ದು ಪ್ರಮಾಣಪತ್ರವನ್ನಲ್ಲ, ಆಸ್ಪತ್ರೆಗೆ ಸೇರಿದ ದಿನದ ಕೇಸ್ ಶೀಟನ್ನು. ಪರಿಹಾರದ ಯೋಚನೆ ಯಾರಿಗೂ ಇಲ್ಲದ ಹೊತ್ತಿನಲ್ಲಿ ದಾಖಲಾದ ಮಾತಿಗೆ, ತಿಂಗಳುಗಳ ನಂತರ ಕೊಟ್ಟ ಅಭಿಪ್ರಾಯಕ್ಕಿಂತ ತೂಕ ಹೆಚ್ಚು. ಕೀಲಿನ ಸವೆತ ವಯಸ್ಸಿನದೆಂದು ವಿಮಾ ಕಂಪನಿ ಹೇಳಿದಾಗ, ಎರಡೂ ಮೊಣಕಾಲುಗಳ ಎಕ್ಸ್-ರೇ ತೆಗೆಸಿ ಹಾಜರುಪಡಿಸಿದೆವು. ಗಾಯವಾಗದ ಕಾಲಿನ ಕೀಲು ಚೆನ್ನಾಗಿಯೇ ಇದ್ದುದರಿಂದ, ಒಂದೇ ಕಡೆ ಸವೆತ ಬಂದದ್ದೇಕೆ ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ವೈದ್ಯರ ಮುಖ್ಯ ವಿಚಾರಣೆಯಲ್ಲಿ ನಾನು ಅಂಕಿಯನ್ನು ಕೊನೆಗೆ ಇಡುತ್ತೇನೆ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಕುಕ್ಕರಗಾಲಿನಲ್ಲಿ ಕೂತು ಏಳಬಲ್ಲರೇ, ಬೆನ್ನ ಮೇಲೆ ಚೀಲ ಹೊತ್ತು ಹಲಗೆ ಏರಬಲ್ಲರೇ ಎಂದು ಒಂದೊಂದಾಗಿ ಕೇಳಿ, ಪ್ರತಿ ಉತ್ತರಕ್ಕೂ ಪರೀಕ್ಷೆಯ ಆಧಾರವನ್ನು ದಾಖಲಿಸುತ್ತೇನೆ. ಮೇಜಿನ ಕೆಲಸದವರಿಗೆ ಅಷ್ಟಾಗಿ ಅಡ್ಡಿಯಾಗದ ಅದೇ ಮೊಣಕಾಲು ಹಮಾಲಿಯ ಜೀವನೋಪಾಯವನ್ನೇ ಕಸಿಯಬಲ್ಲದು. ಮೊಣಕೈ ಮೇಲ್ಭಾಗದಿಂದ ಎಡಗೈ ಕಳೆದುಕೊಂಡ ಬಡಗಿಯನ್ನು ಸಂಪೂರ್ಣ ಅಶಕ್ತನೆಂದು ಪರಿಗಣಿಸಿದ 1975ರ ಶ್ರೀನಿವಾಸ ಸಬತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದೂ ಅವನು ಮಾಡುತ್ತಿದ್ದ ಕೆಲಸವನ್ನೇ.

ಹಾಗೆಂದು ದೊಡ್ಡ ಅಂಕಿ ಬರೆಸುವ ಆಸೆಗೆ ನಾನು ಒಲಿಯುವುದಿಲ್ಲ. ಚೆನ್ನಾಗಿ ಕೂಡಿಕೊಂಡ ಮೂಳೆಗೆ ಶೇ. 60 ಎಂದು ಬರೆದ, ಚಿಕಿತ್ಸೆಯನ್ನೇ ಮಾಡದ ವೈದ್ಯರು ಪಾಟೀಸವಾಲಿನ ಹತ್ತು ನಿಮಿಷವೂ ನಿಲ್ಲುವುದಿಲ್ಲ (ಕಕ್ಷಿದಾರರಿಗೆ ಇದನ್ನು ಒಪ್ಪಿಸುವುದೇ ಕಷ್ಟ).

ಹಮಾಲರ ಪ್ರಕರಣದಲ್ಲಿ, ಪರಿಹಾರವನ್ನು ತೀರ್ಮಾನಿಸುವ ಅಧಿಕಾರಿಯಾದ ಆಯುಕ್ತರು ಗಳಿಕೆಯ ನಷ್ಟವನ್ನು ಶೇ. 30 ಎಂದೇ ತೀರ್ಮಾನಿಸಿ, ಕಾರಣಗಳಿಗೆ ವೈದ್ಯರ ಉತ್ತರಗಳನ್ನೇ ಆಧರಿಸಿದರು. ಆ ಕಾಯ್ದೆಯ 30ನೇ ಕಲಮಿನಡಿ ಮೇಲ್ಮನವಿಗಾಗಿ ಹೈಕೋರ್ಟಿಗೆ ಹೋಗಲು ಗಣನೀಯ ಕಾನೂನು ಪ್ರಶ್ನೆ ಬೇಕಿತ್ತು. ವಾಸ್ತವಾಂಶಗಳ ಬಗ್ಗೆ ಆಯುಕ್ತರದೇ ಕೊನೆಯ ಮಾತು ಎಂದು ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದ್ದರಿಂದ ವೈದ್ಯರ ಬಾಯಿಂದ ಬರಬೇಕಾದದ್ದನ್ನೆಲ್ಲ ಆಯುಕ್ತರ ಮುಂದೆಯೇ ದಾಖಲೆಗೆ ತರಬೇಕಾಗಿತ್ತು.